ಕಮ್ಮಿ, ಜಾಸ್ತಿ, ಬರೋಬ್ಬರಿ: ಅಸಮತೆಯ ಗುರುತುಗಳು ನಡೆದು ಬಂದ ದಾರಿ

ಗಣಿತ ನನ್ನ ವಿಷಯವಲ್ಲ. ನಾನು ಮಕ್ಕಳಿಗೆ ಉರ್ದು ಮತ್ತು ಕನ್ನಡ ಕಲಿಸುವವಳು. ಆದರೂ ಸಂಘದ ಈ ವಾರ್ಷಿಕ ಸಂಚಿಕೆಗೆ ಗಣಿತದ ಪುಟ್ಟ ಗುರುತುಗಳ ಚರಿತ್ರೆಯನ್ನು ಬರೆಯಲು ಕುಳಿತಿದ್ದೇನೆ. ಅದಕ್ಕೆ ಒಬ್ಬ ವಿದ್ಯಾರ್ಥಿನಿ ಕಾರಣ.

ವಿಜಯನಗರದ ಕಡೆಯಿಂದ ಬರುತ್ತಿದ್ದ ಈ ಹುಡುಗಿ ಏಳನೆಯ ತರಗತಿಯವರೆಗೆ ಉರ್ದು ಮಾಧ್ಯಮದಲ್ಲಿ ಓದಿ, ಎಂಟನೆಯ ತರಗತಿಗೆ ಕನ್ನಡ ಮಾಧ್ಯಮಕ್ಕೆ ಸೇರಿದ್ದಳು. ಗಣಿತದ ಒಂದು ಕಿರುಪರೀಕ್ಷೆಯಲ್ಲಿ ‘ಕ್ಷ < 5 ಎಂಬುದನ್ನು ಸಂಖ್ಯಾರೇಖೆಯ ಮೇಲೆ ಗುರುತಿಸಿ’ ಎಂದು ಕೇಳಿದ್ದರು. (ಪಠ್ಯಪುಸ್ತಕದ ಇಂಗ್ಲಿಷ್ ಅಕ್ಷರದ ಬದಲು ಅಜ್ಞಾತ ಸಂಖ್ಯೆಗೆ ನಾನಿಲ್ಲಿ ‘ಕ್ಷ’ ಎಂದು ಬರೆಯುತ್ತಿದ್ದೇನೆ.) ಅವಳು ರೇಖೆ ಎಳೆದು, 5ರ ಮೇಲೆ ಒಂದು ಸುನ್ನೆ ಸುತ್ತಿ, ಅದರ ಬಲಭಾಗವನ್ನೆಲ್ಲ ಕಪ್ಪು ಮಾಡಿದ್ದಳು. ಉತ್ತರ ತಪ್ಪು, ಅಂಕ ಸೊನ್ನೆ. ಪಕ್ಕದಲ್ಲಿ ‘ಮೂಲಭೂತ ಕಲ್ಪನೆ ಇಲ್ಲ’ ಎಂಬ ಷರಾ. ಆ ಷರಾದ ಅರ್ಥ ಕೇಳಲು ಅವಳು ನನ್ನ ಹತ್ತಿರ ಬಂದಳು.

‘ನೀನು ಹೇಗೆ ಓದಿದೆ, ಬೆರಳಿಟ್ಟು ತೋರಿಸು’ ಎಂದೆ. ಅವಳು ಬೆರಳನ್ನು 5ರ ಮೇಲಿಟ್ಟು ಎಡಕ್ಕೆ ಸರಿಸುತ್ತ, ‘ಐದು ಚಿಕ್ಕದು, ಕ್ಷ ದೊಡ್ಡದು’ ಎಂದಳು. ಆಗ ನನಗೆ ಹೊಳೆಯಿತು. ನಮ್ಮ ಉರ್ದು ಮಾಧ್ಯಮದ ಗಣಿತ ಪುಸ್ತಕಗಳಲ್ಲಿ ವಾಕ್ಯ ಬಲದಿಂದ ಎಡಕ್ಕೆ ಹೋಗುತ್ತದೆ, ಸಮೀಕರಣ ಮಾತ್ರ ಎಡದಿಂದ ಬಲಕ್ಕೆ. ಒಂದೇ ಸಾಲಿನಲ್ಲಿ ಕಣ್ಣು ಎರಡು ಸಲ ದಿಕ್ಕು ಬದಲಿಸಬೇಕು. ಈ ಮಗು < ಗುರುತಿಗೆ ‘ಚಿಕ್ಕದು’ ಎಂಬ ಹೆಸರನ್ನು ಬಾಯಿಪಾಠ ಮಾಡಿಕೊಂಡು, ಬಲದಿಂದ ಓದಿತ್ತು. ಕಲ್ಪನೆ ಸರಿಯಿತ್ತು, ದಿಕ್ಕು ಬೇರೆಯಾಗಿತ್ತು, ಅಷ್ಟೆ. ನಿಜ ನೋಡಿದರೆ 3 < 5 ಎಂಬುದನ್ನು ಬಲದಿಂದ ಓದಿದರೂ ಸತ್ಯವೇ ಸಿಗುತ್ತದೆ: ಐದು ಮೂರಕ್ಕಿಂತ ದೊಡ್ಡದು. ತೊಡಕಿರುವುದು ಗುರುತಿಗೆ ನಾವು ಕೊಡುವ ಹೆಸರಿನಲ್ಲಿ. ‘ಬಾಯಿ ತೆರೆದ ಕಡೆ ದೊಡ್ಡದು’ ಎಂದು ಕಲಿಸಿದ್ದರೆ ಯಾವ ದಿಕ್ಕಿನಿಂದ ಓದಿದರೂ ತಪ್ಪಾಗುತ್ತಿರಲಿಲ್ಲ.

ಅವಳು ಸುಮ್ಮನಾಗಲಿಲ್ಲ. ‘ಮಿಸ್, ಈ ಗುರುತು ಮಾಡಿದವರು ಎಡದಿಂದ ಬರೆಯುವವರೇ ಇರಬೇಕು, ಅಲ್ಲವಾ? ಮತ್ತೆ 5ರ ಮೇಲಿನ ಸುನ್ನೆಯನ್ನು ಯಾಕೆ ಕೆಲವು ಸಲ ಖಾಲಿ ಬಿಡಬೇಕು, ಕೆಲವು ಸಲ ತುಂಬಬೇಕು?’ ಎಂದಳು. ಮೊದಲನೆಯದಕ್ಕೆ ಹೌದು ಎಂದೆ. ಎರಡನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ‘ನಿಯಮ ಹಾಗಿದೆ’ ಎಂದು ಹೇಳುವುದು ಸುಲಭ. ಆದರೆ ಹುಡುಕಿ ನೋಡಿದಾಗ ಆ ಖಾಲಿ ಸುನ್ನೆಗೂ ತುಂಬಿದ ಸುನ್ನೆಗೂ ಗುರುತುಗಳಿಗಿಂತ ಬಹಳ ಹಿಂದಿನ ಚರಿತ್ರೆಯಿದೆ ಎಂದು ತಿಳಿಯಿತು. ಅದರಲ್ಲಿ ಬಾಗ್ದಾದೂ ಇದೆ, ನಮ್ಮ ಈ ಕಡೆಯ ದೇಶವೂ ಇದೆ.

ಮೊದಲು ಮಾತನ್ನು ಗಮನಿಸಿ. ಸಂತೆಯಲ್ಲಿ ನಾವು ಕಮ್ಮಿ, ಜಾಸ್ತಿ, ಬರೋಬ್ಬರಿ ಎನ್ನುತ್ತೇವೆ. ಮೂರೂ ಪಾರ್ಸಿ, ಉರ್ದುವಿನ ಕಡೆಯಿಂದ ಕನ್ನಡಕ್ಕೆ ಬಂದು ಇಲ್ಲಿಯವೇ ಆಗಿಬಿಟ್ಟ ಮಾತುಗಳು. ಗಣಿತದ ಮೂರು ಸ್ಥಿತಿಗಳೂ ಇವೇ. ಆದರೆ ದಿನನಿತ್ಯದ ಮಾತು ಅಂಚಿನ ವಿಷಯದಲ್ಲಿ ಸ್ವಲ್ಪ ಸಡಿಲ. ‘ಹತ್ತರ ಒಳಗೆ ಬರೆ’ ಎಂದರೆ ಹತ್ತು ಸೇರಿತೋ ಇಲ್ಲವೋ? ‘ಮೂವತ್ತರವರೆಗೆ’ ಎಂದರೆ ಮೂವತ್ತು ಸೇರುತ್ತದೆ ಎಂದು ಹೆಚ್ಚಿನವರು ತಿಳಿಯುತ್ತಾರೆ, ಎಲ್ಲರೂ ಅಲ್ಲ. ಕಾಯಿದೆಯ ಭಾಷೆಗೆ ಈ ಸಡಿಲು ಸಲ್ಲದು. ಆದ್ದರಿಂದಲೇ ನಮ್ಮ ಸಂವಿಧಾನದ 326ನೆಯ ವಿಧಿ ಮತದಾರನ ವಯಸ್ಸನ್ನು ಹೇಳುವಾಗ ‘ಹದಿನೆಂಟಕ್ಕಿಂತ ಹೆಚ್ಚು’ ಎನ್ನದೆ, ‘ಹದಿನೆಂಟಕ್ಕಿಂತ ಕಡಿಮೆಯಲ್ಲದ’ ಎಂಬ ಅರ್ಥದ ಮಾತನ್ನು ಬಳಸುತ್ತದೆ. 1989ಕ್ಕೆ ಮುಂಚೆ ಅಲ್ಲಿ ಇಪ್ಪತ್ತೊಂದು ಎಂದಿತ್ತು. ಸಂಖ್ಯೆ ಬದಲಾಯಿತು, ‘ಕಡಿಮೆಯಲ್ಲದ’ ಎಂಬುದು ಉಳಿಯಿತು. ಸಂಖ್ಯಾರೇಖೆಯ ಮೇಲೆ ಬರೆದರೆ ಅದು 18ರ ಮೇಲೆ ತುಂಬಿದ ಸುನ್ನೆ.

ನಮ್ಮಲ್ಲಿ ಅನೇಕರು ಇಂಥ ಅಂಚನ್ನು ಶಾಲೆಗಿಂತ ಮೊದಲು ಮನೆಯಲ್ಲೇ ಕಲಿತಿರುತ್ತೇವೆ. ಜಕಾತಿನ ನಿಸಾಬ್ ಎಂದರೆ ಇನ್ನೇನು? ಬೆಳ್ಳಿಯಾದರೆ ಐವತ್ತೆರಡೂವರೆ ತೊಲ, ಅಂದರೆ ಸುಮಾರು 612 ಗ್ರಾಂ. ಅಷ್ಟಕ್ಕೆ ಕಡಿಮೆಯಿದ್ದರೆ ಬೆಳ್ಳಿಯ ಮೇಲೆ ಕಡ್ಡಾಯವಿಲ್ಲ, ಸರಿಯಾಗಿ ಅಷ್ಟಿದ್ದು ವರ್ಷ ತುಂಬಿದರೆ ಕೊಡಬೇಕು. ಕುರಿಗಳ ಲೆಕ್ಕ ಇನ್ನೂ ಚೆಂದ. 39 ಕುರಿಗೆ ಏನೂ ಇಲ್ಲ, 40ಕ್ಕೆ ಒಂದು ಕುರಿ. 120ರವರೆಗೂ ಒಂದೇ, 121 ಆದ ಕೂಡಲೇ ಎರಡು. 200ರವರೆಗೆ ಎರಡು, 201ಕ್ಕೆ ಮೂರು. 40 ≤ ಕ್ಷ ≤ 120 ಎಂಬ ಅಸಮತೆಯನ್ನು ಯಾವ ಗುರುತೂ ಇಲ್ಲದ ಕಾಲದಲ್ಲಿ, ಎರಡೂ ತುದಿಗಳನ್ನು ಒಳಗೆ ಸೇರಿಸಿ, ಸಂಶಯಕ್ಕೆ ಎಡೆಯಿಲ್ಲದಂತೆ ಹೇಳಲಾಗಿದೆ. ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ಬೆಳ್ಳಿಯ ತೂಕ ಎಷ್ಟು ಬೇಕಾದರೂ ಸಣ್ಣಗೆ ಒಡೆಯುತ್ತದೆ, ಆದ್ದರಿಂದ ಅದಕ್ಕೆ ಅಖಂಡ ರೇಖೆ. ಕುರಿಗಳಿಗೆ ಬಿಡಿ ಬಿಡಿ ಚುಕ್ಕಿಗಳು. ನಲವತ್ತೂವರೆ ಕುರಿ ಎಂಬುದಿಲ್ಲ.

ಇಂಥ ಲೆಕ್ಕಗಳ ನಡುವೆ ಬದುಕುತ್ತಿದ್ದ ಬಾಗ್ದಾದಿನಲ್ಲಿ, ಖಲೀಫ ಅಲ್-ಮಾಮೂನನ ಕಾಲದಲ್ಲಿ, ಅಂದರೆ 813ರಿಂದ 833ರ ನಡುವೆ, ಮುಹಮ್ಮದ್ ಇಬ್ನ್ ಮೂಸಾ ಅಲ್-ಖ್ವಾರಿಜ್ಮಿ ತನ್ನ ‘ಅಲ್-ಜಬ್ರ್’ ಗ್ರಂಥವನ್ನು ಬರೆದ. ಅದರಲ್ಲಿ ಒಂದು ಗುರುತೂ ಇಲ್ಲ, ಸಂಖ್ಯೆಗಳನ್ನೂ ಅಕ್ಷರಗಳಲ್ಲೇ ಹೇಳಿದ್ದಾನೆ. ದೊಡ್ಡದೊಂದು ಭಾಗ ವಿಲ್ ಮತ್ತು ವಾರಸುದಾರಿಕೆಯ ಲೆಕ್ಕಗಳಿಗೆ ಮೀಸಲು. ಅದರಲ್ಲಿ ವರ್ಗ ಸಮೀಕರಣದ ಒಂದು ಬಗೆ ಹೀಗಿದೆ: ಒಂದು ವರ್ಗಕ್ಕೆ ಇಪ್ಪತ್ತೊಂದು ಸೇರಿಸಿದರೆ ಆ ವರ್ಗದ ಮೂಲದ ಹತ್ತರಷ್ಟಾಗುತ್ತದೆ, ಮೂಲ ಎಷ್ಟು? ಆತನ ವಿಧಾನ: ಹತ್ತರ ಅರ್ಧ ಐದು, ಅದರ ವರ್ಗ ಇಪ್ಪತ್ತೈದು, ಇಪ್ಪತ್ತೊಂದನ್ನು ಕಳೆದರೆ ನಾಲ್ಕು, ಅದರ ಮೂಲ ಎರಡು. ಐದಕ್ಕೆ ಎರಡು ಕೂಡಿಸಿದರೆ ಏಳು, ಕಳೆದರೆ ಮೂರು. ಎರಡೂ ಉತ್ತರಗಳೇ.

ಅಲ್ಲಿಗೇ ಬಿಟ್ಟಿದ್ದರೆ ಅದು ಬರೀ ಲೆಕ್ಕವಾಗುತ್ತಿತ್ತು. ಆತ ಮುಂದುವರಿದು ಎಚ್ಚರಿಸುತ್ತಾನೆ: ಅರ್ಧದ ವರ್ಗ ಕೊಟ್ಟ ಸಂಖ್ಯೆಗಿಂತ ಕಡಿಮೆಯಾದರೆ ಲೆಕ್ಕವೇ ಅಸಾಧ್ಯ, ಸಮವಾದರೆ ಅರ್ಧವೇ ಉತ್ತರ, ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ. ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗಳೇ, ಶೋಧಕದ ಬೆಲೆ ಸೊನ್ನೆಗಿಂತ ಹೆಚ್ಚೋ, ಸಮವೋ, ಕಡಿಮೆಯೋ ಎಂದು ನೀವು ಬರೆಯುವ ಮೂರು ಸಾಲುಗಳು ಇವೇ.

ಇದನ್ನು ನಮ್ಮ ರಾಜಾಜಿನಗರ, ಬಸವೇಶ್ವರನಗರದ ಸೈಟಿನ ಲೆಕ್ಕಕ್ಕೆ ತನ್ನಿ. ಮೂವತ್ತು-ನಲವತ್ತರ ಸೈಟು ಎಲ್ಲರಿಗೂ ಗೊತ್ತು. ಉದ್ದ ಅಗಲ ಕೂಡಿದರೆ 70 ಅಡಿ, ಕ್ಷೇತ್ರಫಲ 1200 ಚದರಡಿ. ಈಗ ಉದ್ದ ಅಗಲಗಳ ಮೊತ್ತ 70 ಎಂದಷ್ಟೇ ಕೊಟ್ಟು 1200 ಚದರಡಿಯ ಸೈಟು ಬೇಕೆಂದರೆ, 70ರ ಅರ್ಧ 35, ವರ್ಗ 1225, ಅದರಲ್ಲಿ 1200 ಹೋದರೆ 25, ಮೂಲ 5. ಮೂವತ್ತೈದಕ್ಕೆ ಐದು ಕೂಡಿಸಿ, ಕಳೆದು ನೋಡಿ: 40 ಮತ್ತು 30. ಕ್ಷೇತ್ರಫಲ 1225 ಬೇಕೆಂದರೆ 35-35ರ ಚೌಕ ಸೈಟು, ಒಂದೇ ಉತ್ತರ. 1226 ಬೇಕೆಂದರೆ ಯಾವ ಬ್ರೋಕರನೂ ಕೊಡಿಸಲಾರ, ಅದೇ ಸುತ್ತಳತೆಯ ಆಯದಲ್ಲಿ ಅಂಥ ಸೈಟು ಇಲ್ಲ. ಸಿಗಬಲ್ಲ ಕ್ಷೇತ್ರಫಲಗಳನ್ನು ರೇಖೆಯ ಮೇಲೆ ಗುರುತಿಸಿದರೆ 1225ರ ಎಡಕ್ಕೆ ಕಪ್ಪು, ಬಲಕ್ಕೆ ಖಾಲಿ, 1225ರ ಮೇಲೆ ತುಂಬಿದ ಸುನ್ನೆ. ಅಂಚು ಇಲ್ಲಿ ಒಳಗಿನದು, ಏಕೆಂದರೆ ಚೌಕ ಸೈಟು ನಿಜವಾಗಿಯೂ ಇದೆ. ಸುನ್ನೆ ತುಂಬುವುದಕ್ಕೆ ನನಗೆ ಸಿಕ್ಕ ಮೊದಲ ಸರಿಯಾದ ಕಾರಣ ಇದು.

ಹೆಚ್ಚು ಕಡಿಮೆ ಅದೇ ಕಾಲಮಾನದಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದ. ಋಣ ಸಂಖ್ಯೆ ಸ್ವಭಾವದಿಂದಲೇ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಬಾಗ್ದಾದಿನಲ್ಲಿ ‘ಅಸಾಧ್ಯ’ ಎಂದ ಕಡೆಯಲ್ಲೇ ಮಳಖೇಡವೂ ನಿಲ್ಲಿಸಿತು.

ಖಾಲಿ ಸುನ್ನೆಯ ಕಾರಣ ಸಿಕ್ಕಿದ್ದು ಎರಡನೆಯ ಭಾಸ್ಕರಾಚಾರ್ಯನಲ್ಲಿ. ಈತ ಹುಟ್ಟಿದ್ದು 1114ರಲ್ಲಿ, ‘ಲೀಲಾವತಿ’ಯ ಕಾಲ 1150. ತನ್ನ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದು ಅವನೇ ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಎಂದು ಕನ್ನಡಿಗರು, ಅಲ್ಲ ಖಾನದೇಶದ ಪಾಟಣದ ಕಡೆಯದು ಎಂದು ಮರಾಠಿಗರು ವಾದಿಸುತ್ತ ಬಂದಿದ್ದಾರೆ. ಆ ಜಗಳ ನಮಗಿಲ್ಲಿ ಬೇಡ. ಲೀಲಾವತಿಯಲ್ಲಿ ಒಂದು ಮಾತಿದೆ: ಯಾರಾದರೂ ಸೊಕ್ಕಿನಿಂದ ಮನಸ್ಸಿಗೆ ಬಂದ ಅಳತೆಗಳನ್ನು ಕೊಟ್ಟು ಆಕೃತಿ ಮಾಡೆಂದರೆ, ಒಂದು ಭುಜಕ್ಕಿಂತ ಉಳಿದ ಭುಜಗಳ ಮೊತ್ತ ಕಡಿಮೆಯಿದ್ದರೆ ಅಥವಾ ಸಮವಿದ್ದರೆ ಅದು ಆಕೃತಿಯೇ ಅಲ್ಲವೆಂದು ತಿಳಿಯಬೇಕು. ಉದಾಹರಣೆಗೆ ಅವನು ಕೊಡುವ ಚತುರ್ಭುಜದ ಭುಜಗಳು 2, 6, 3, 12, ತ್ರಿಭುಜದ ಭುಜಗಳು 3, 6, 9. ನಂಬದವರು ಅಷ್ಟುದ್ದದ ನೇರ ಕಡ್ಡಿಗಳನ್ನು ನೆಲದ ಮೇಲಿಟ್ಟು ನೋಡಲಿ ಎಂದೂ ಸೂಚಿಸುತ್ತಾನೆ.

ನೀವೂ ಇಟ್ಟು ನೋಡಿ, ಪೊರಕೆಕಡ್ಡಿ ಸಾಕು. 2, 6, 3 ಕೂಡಿದರೆ 11, ಹನ್ನೆರಡರ ಕಡ್ಡಿಯ ಎರಡು ತುದಿಗಳನ್ನು ಮುಟ್ಟುವುದೇ ಇಲ್ಲ. 3, 6, 9ರಲ್ಲಿ ಮುಟ್ಟುತ್ತದೆ, ಆದರೆ ಮೂರು ಮತ್ತು ಆರರ ಕಡ್ಡಿಗಳು ಒಂಬತ್ತರ ಕಡ್ಡಿಯ ಮೇಲೆ ಚಪ್ಪಟೆಯಾಗಿ ಮಲಗಿಬಿಡುತ್ತವೆ. ಮೂಲೆ ಏಳುವುದಿಲ್ಲ. ಹಾಗಾದರೆ 3 ಮತ್ತು 6ರ ಜೊತೆ ತ್ರಿಭುಜವಾಗಲು ಮೂರನೆಯ ಕಡ್ಡಿ ಎಷ್ಟಿರಬೇಕು? 9ಕ್ಕಿಂತ ಕಡಿಮೆ, 3ಕ್ಕಿಂತ ಹೆಚ್ಚು: 3 < ಕ್ಷ < 9. ರೇಖೆಯ ಮೇಲೆ 3ಕ್ಕೂ 9ಕ್ಕೂ ಖಾಲಿ ಸುನ್ನೆ, ನಡುವೆ ಕಪ್ಪು. ಒಂಬತ್ತಕ್ಕೆ ಕೂದಲೆಳೆಯಷ್ಟು ಕಡಿಮೆಯಾದರೂ ತ್ರಿಭುಜವುಂಟು, ಸರಿಯಾಗಿ ಒಂಬತ್ತಾದರೆ ಇಲ್ಲ. ಭಾಸ್ಕರನ ಆ ‘ಅಥವಾ ಸಮ’ ಎಂಬ ಎರಡು ಪದಗಳೇ ಸುನ್ನೆಯನ್ನು ಖಾಲಿ ಬಿಡಿಸುತ್ತವೆ. ಆ ಹುಡುಗಿಗೆ ನಾನು ಕೊನೆಗೆ ತೋರಿಸಿದ್ದು ಈ ಕಡ್ಡಿಗಳನ್ನೇ. ‘ಒಳಗಿರೋದಾದ್ರೆ ತುಂಬು, ಬಾಗಿಲಲ್ಲೇ ನಿಲ್ಲಿಸೋದಾದ್ರೆ ಬಿಡು’ ಎಂದು ಅವಳು ತನ್ನದೇ ಮಾತಿನಲ್ಲಿ ಹೇಳಿಕೊಂಡಳು.

ಅದೇ ಲೀಲಾವತಿಯಲ್ಲಿ ಇನ್ನೊಂದು ಲೆಕ್ಕ. ಭುಜಗಳು 10 ಮತ್ತು 17, ಪಾದ 9. ತುದಿಯಿಂದ ಲಂಬ ಇಳಿಸಿದರೆ ಅದು ಪಾದದ ಹೊರಗೆ ಬೀಳುತ್ತದೆ. ಪಾದದ ಒಂದು ತುಂಡು 15 ಬಂದರೆ ಇನ್ನೊಂದು ಋಣ 6. ಋಣವೆಂದರೆ ವಿರುದ್ಧ ದಿಕ್ಕು ಎಂದು ಭಾಸ್ಕರ ವಿವರಿಸುತ್ತಾನೆ. ಸಾಲವೆಂಬ ಅರ್ಥದ ‘ಋಣ’ ಇಲ್ಲಿ ನೆಲದ ಮೇಲಿನ ದಿಕ್ಕಾಯಿತು. ಸಂಖ್ಯಾರೇಖೆಗೆ ಬೇಕಾದ ಮುಖ್ಯ ಹೆಜ್ಜೆ ಇದೇ. ಸುಮಾರು 1600ರ ಹೊತ್ತಿಗೆ ಭಾಸ್ಕರನ ‘ಬೀಜಗಣಿತ’ಕ್ಕೆ ವ್ಯಾಖ್ಯಾನ ಬರೆದ ಕೃಷ್ಣ ದೈವಜ್ಞ ಇದನ್ನು ಇನ್ನೂ ಬಿಡಿಸಿ, ಕಾಶಿಯ ಪೂರ್ವಕ್ಕೂ ಪಶ್ಚಿಮಕ್ಕೂ ಇರುವ ಊರುಗಳ ದೂರವನ್ನು ಉದಾಹರಣೆಯಾಗಿ ಕೊಟ್ಟ. ಈತ ಜಹಾಂಗೀರನ ಆಶ್ರಯದಲ್ಲಿದ್ದ ಜ್ಯೋತಿಷಿ. ಅದಕ್ಕೆ ಮುಂಚೆ 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ಲೀಲಾವತಿಯನ್ನು ಪಾರ್ಸಿಗೆ ತಂದಿದ್ದ. 1634-35ರಲ್ಲಿ ಅತಾ ಉಲ್ಲಾ ರುಶ್ದಿ ಬೀಜಗಣಿತವನ್ನು ಪಾರ್ಸಿಗೆ ತಂದು ಶಾಹಜಹಾನನಿಗೆ ಅರ್ಪಿಸಿದ. ತಾಜ್ ಮಹಲಿನ ಶಿಲ್ಪಿಯೆಂದು ಹೇಳಲಾಗುವ ಉಸ್ತಾದ್ ಅಹ್ಮದ್ ಲಾಹೋರಿಯ ಮಗ ಈತ. ಬಲದಿಂದ ಎಡಕ್ಕೆ ಓದುವವರಿಗೆ ಈ ಗಣಿತ ಹೊಸದೇನಲ್ಲ ಎಂದು ಯಾರಾದರೂ ಷರಾ ಬರೆಯುವಾಗ ನೆನಪಿಸಿಕೊಂಡರೆ ಚೆನ್ನಾಗಿತ್ತು.

ಯೂರೋಪಿನಲ್ಲಿ ಇದೇ ಮಾತನ್ನು ಅಚ್ಚಿನಲ್ಲಿ ಪ್ರಸಿದ್ಧಗೊಳಿಸಿದವನು ಆಕ್ಸ್‌ಫರ್ಡಿನ ಜಾನ್ ವಾಲಿಸ್, 1685ರಲ್ಲಿ. ಒಬ್ಬ ಮನುಷ್ಯ ಐದು ಗಜ ಮುಂದೆ ಹೋಗಿ ಎಂಟು ಗಜ ಹಿಂದೆ ಬಂದರೆ ಎಲ್ಲಿರುತ್ತಾನೆ? ಹೊರಟಲ್ಲಿಂದ ಮೂರು ಗಜ ಹಿಂದೆ, ಅಂದರೆ −3. ನಮಗೆ ಗಜದ ಬದಲು ಮೆಟ್ರೋ ಇದೆ. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್ಕನ್ನು ಸೊನ್ನೆ ಎಂದಿಟ್ಟುಕೊಳ್ಳಿ. ಪೂರ್ವಕ್ಕೆ ನಾಲ್ಕನೆಯ ನಿಲ್ದಾಣ ಎಂ.ಜಿ. ರಸ್ತೆ, ಅದು 4. ಪಶ್ಚಿಮಕ್ಕೆ ನಾಲ್ಕನೆಯದು ವಿಜಯನಗರ, ಅದು −4. 2021ರಲ್ಲಿ ಮೆಟ್ರೋ ತಲುಪಿದ ಕೆಂಗೇರಿ −13, 2023ರಲ್ಲಿ ಸೇರಿದ ಚಲ್ಲಘಟ್ಟ −14. ಕೆಂಗೇರಿ ಮೆಜೆಸ್ಟಿಕ್ಕಿನಿಂದ ವಿಜಯನಗರಕ್ಕಿಂತ ದೂರ, ಟಿಕೆಟ್ಟೂ ಜಾಸ್ತಿ. ಆದರೂ −13 < −4. ಮಕ್ಕಳು ಎಡವುವುದು ಇಲ್ಲೇ. ದೂರ ಬೇರೆ, ಸ್ಥಾನ ಬೇರೆ. ‘ಕ್ಷ ≥ −4’ ಎಂದರೆ ವಿಜಯನಗರದಿಂದ ಹಿಡಿದು ಪೂರ್ವದ ನಿಲ್ದಾಣಗಳೆಲ್ಲ, ವಿಜಯನಗರವೂ ಸೇರಿ. ‘ಕ್ಷ > −4’ ಎಂದರೆ ಹೊಸಹಳ್ಳಿಯಿಂದ ಆರಂಭ.

ಇನ್ನು ಗುರುತುಗಳ ವಿಷಯ ಬೇಗ ಮುಗಿಯುತ್ತದೆ. < ಮತ್ತು > ಅಚ್ಚಾದದ್ದು 1631ರಲ್ಲಿ, ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್‌ನ ಪುಸ್ತಕದಲ್ಲಿ. ಅಷ್ಟು ಹೊತ್ತಿಗೆ ಆತ ತೀರಿಕೊಂಡು ಹತ್ತು ವರ್ಷವಾಗಿತ್ತು. ‘ಅಥವಾ ಸಮ’ ಎಂಬುದಕ್ಕೆ ಕೆಳಗೆ ಗೆರೆ ಸೇರಿಸಿದ ಗುರುತು ಬಂದದ್ದು 1734ರಲ್ಲಿ, ಫ್ರಾನ್ಸಿನ ಪಿಯೆರ್ ಬೂಗೇ ಎಂಬವನಿಂದ. ಆತನ ಗುರುತಿನಲ್ಲಿ ಕೆಳಗೆ ಎರಡು ಗೆರೆಗಳಿದ್ದವು. ಭಾಸ್ಕರ ಮಾತಿನಲ್ಲಿ ಹೇಳಿದ್ದು ಗುರುತಾಗಲು ಇನ್ನೂ ಸುಮಾರು ಆರುನೂರು ವರ್ಷ ಹಿಡಿಯಿತು. ಎಡದಿಂದ ಬರೆಯುವವರೇ ಮಾಡಿದ ಗುರುತು ಎಂಬ ನನ್ನ ವಿದ್ಯಾರ್ಥಿನಿಯ ಊಹೆಯೂ ಸರಿಯೇ. ಕೆಲವು ಅರಬ್ ದೇಶಗಳ ಶಾಲಾಪುಸ್ತಕಗಳಲ್ಲಿ ಸಮೀಕರಣವನ್ನೇ ಬಲದಿಂದ ಎಡಕ್ಕೆ ಬರೆಯುತ್ತಾರೆ.

ರೇಖೆಯಿಂದ ನಕ್ಷೆಗೆ ಬರುವ ಮುನ್ನ ಇನ್ನೊಬ್ಬರನ್ನು ನೆನೆಯಲೇಬೇಕು. ಹನ್ನೆರಡನೆಯ ಶತಮಾನದ ಶರಫುದ್ದೀನ್ ಅತ್-ತೂಸಿ. ಖ್ವಾರಿಜ್ಮಿ ವರ್ಗ ಸಮೀಕರಣಕ್ಕೆ ಕೇಳಿದ ಪ್ರಶ್ನೆಯನ್ನು ಈತ ಘನ ಸಮೀಕರಣಕ್ಕೆ ಕೇಳಿದ: ಉತ್ತರ ಇರುವುದು ಯಾವಾಗ, ಇಲ್ಲದಿರುವುದು ಯಾವಾಗ? ಸುಲಭ ಸಂಖ್ಯೆಗಳಲ್ಲಿ ನೋಡೋಣ. ಆರು ಮೊಳದ ಕೋಲನ್ನು ಎರಡು ತುಂಡು ಮಾಡಿ. ಒಂದು ತುಂಡಿನ ಅಳತೆಯ ಚೌಕದ ತಳ, ಇನ್ನೊಂದು ತುಂಡಿನಷ್ಟು ಎತ್ತರ ಇಟ್ಟು ಪೆಟ್ಟಿಗೆ ಮಾಡಿದರೆ ಘನಫಲ ಎಷ್ಟು? ತಳದ ತುಂಡು 1 ಆದರೆ 5, 2 ಆದರೆ 16, 3 ಆದರೆ 27, 4 ಆದರೆ 32, 5 ಆದರೆ ಮತ್ತೆ ಇಳಿದು 25. ಅತಿ ಹೆಚ್ಚೆಂದರೆ 32. ಕೋಲಿನ ಮೂರನೇ ಎರಡು ಭಾಗದಲ್ಲಿ ಶಿಖರ ಬರುತ್ತದೆಂದು ತೂಸಿ ಕಂಡುಕೊಂಡ. 32ಕ್ಕಿಂತ ಹೆಚ್ಚು ಕೇಳಿದರೆ ಉತ್ತರವಿಲ್ಲ, ಸರಿಯಾಗಿ 32ಕ್ಕೆ ಒಂದು, ಕಡಿಮೆಗೆ ಎರಡು. ಈ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಹಾಕಿದರೆ ಗುಡ್ಡದಂಥ ವಕ್ರರೇಖೆ ಬರುತ್ತದೆ, 32ರ ಎತ್ತರದಲ್ಲಿ ಎಳೆದ ಅಡ್ಡಗೆರೆ ಅದರ ನೆತ್ತಿಯನ್ನು ಮುಟ್ಟುತ್ತದೆ. ತೂಸಿಯ ಬಳಿ ಗ್ರಾಫ್ ಇರಲಿಲ್ಲ. ಬೀಜಗಣಿತ ಮತ್ತು ರೇಖಾಗಣಿತವನ್ನು ಬೆಸೆದ ಡೆಕಾರ್ಟನ ಪುಸ್ತಕ ಬಂದದ್ದು 1637ರಲ್ಲಿ.

ಎರಡು ಅಜ್ಞಾತಗಳ ಅಸಮತೆಯಲ್ಲಿ ಅಂಚು ಚುಕ್ಕಿಯಾಗಿರುವುದಿಲ್ಲ, ಗೆರೆಯಾಗುತ್ತದೆ. 1820ರ ದಶಕದಲ್ಲಿ ಫ್ರಾನ್ಸಿನ ಫೂರಿಯೇ ಇಂಥ ಹಲವು ಅಸಮತೆಗಳನ್ನು ಒಟ್ಟಿಗೆ ಬಿಡಿಸುವುದನ್ನು ಕುರಿತು ಬರೆದ. 1947ರಲ್ಲಿ ಅಮೆರಿಕದ ಜಾರ್ಜ್ ಡಾಂಟ್ಸಿಗ್ ರೂಪಿಸಿದ ವಿಧಾನವೇ ಇಂದು ದ್ವಿತೀಯ ಪಿಯುಸಿಯವರು ‘ರೇಖೀಯ ಕ್ರಮವಿಧಿ’ ಎಂಬ ಹೆಸರಿನಲ್ಲಿ ಓದುವ ಅಧ್ಯಾಯದ ಹಿಂದಿರುವುದು. ನಮಗೆ ಒಂದು ಸಣ್ಣ ಲೆಕ್ಕ ಸಾಕು. ಸಂಘದವರ ಕೈಯಲ್ಲಿ 1000 ರೂಪಾಯಿ ಇದೆ ಎಂದುಕೊಳ್ಳಿ. ನೋಟ್‌ಬುಕ್ಕಿಗೆ 50, ಕಂಪಾಸ್ ಪೆಟ್ಟಿಗೆಗೆ 100. ಅಡ್ಡ ಅಕ್ಷದ ಮೇಲೆ ನೋಟ್‌ಬುಕ್, ನೆಟ್ಟ ಅಕ್ಷದ ಮೇಲೆ ಪೆಟ್ಟಿಗೆ. ಎಲ್ಲ ಹಣವನ್ನೂ ನೋಟ್‌ಬುಕ್ಕಿಗೇ ಹಾಕಿದರೆ 20, ಪೆಟ್ಟಿಗೆಗೇ ಹಾಕಿದರೆ 10. ಆ ಎರಡು ಚುಕ್ಕಿಗಳನ್ನು ಸೇರಿಸಿ ಗೆರೆ ಎಳೆಯಿರಿ. 6 ನೋಟ್‌ಬುಕ್, 5 ಪೆಟ್ಟಿಗೆ ಎಂದರೆ 800, ಗೆರೆಯ ಕೆಳಗೆ. 10 ಮತ್ತು 6 ಎಂದರೆ 1100, ಗೆರೆಯ ಆಚೆ. 4 ಮತ್ತು 8 ಎಂದರೆ ಸರಿಯಾಗಿ 1000, ಗೆರೆಯ ಮೇಲೆ. ಇದ್ದ ಹಣವನ್ನೆಲ್ಲ ಖರ್ಚು ಮಾಡಬಹುದು ಎಂದಾದರೆ ಗೆರೆ ಅಖಂಡ. ಆಟೋ ಬಾಡಿಗೆಗೆ ಸ್ವಲ್ಪವಾದರೂ ಉಳಿಯಲೇಬೇಕು ಎಂದಾದರೆ ಗೆರೆಯನ್ನು ತುಂಡು ತುಂಡಾಗಿ ಎಳೆಯಬೇಕು. ತುಂಬಿದ ಸುನ್ನೆ, ಖಾಲಿ ಸುನ್ನೆಗಳೇ ಇಲ್ಲಿ ಉದ್ದವಾಗಿ ಹರಡಿಕೊಂಡಿವೆ. ಯಾವ ಕಡೆ ಛಾಯೆ ತುಂಬಬೇಕೆಂದು ಸಂಶಯ ಬಂದರೆ ಮೂಲಬಿಂದುವನ್ನು ಕೇಳಿ: ಏನನ್ನೂ ಕೊಳ್ಳದಿದ್ದರೆ ಹಣ ಸಾಕಾಗುತ್ತದೆಯೇ? ಆಗುತ್ತದೆ, ಆದ್ದರಿಂದ ಅದಿರುವ ಕಡೆಯೇ ಛಾಯೆ. ನೋಟ್‌ಬುಕ್ಕೂ ಕುರಿಯಂತೆಯೇ, ಅರ್ಧ ಕೊಳ್ಳಲಾಗದು. ಆದ್ದರಿಂದ ಛಾಯೆಯೊಳಗಿನ ಪೂರ್ಣಾಂಕದ ಚುಕ್ಕಿಗಳಷ್ಟೇ ಲೆಕ್ಕಕ್ಕೆ.

ಆ ಕಿರುಪರೀಕ್ಷೆಯ ವಿಷಯವನ್ನು ಗಣಿತದ ಶಿಕ್ಷಕರಿಗೆ ತಿಳಿಸಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಅಂದಿನಿಂದ ತರಗತಿಯಲ್ಲಿ ಪ್ರತಿ ಅಸಮತೆಯನ್ನೂ ಎರಡು ಕಡೆಯಿಂದ ಗಟ್ಟಿಯಾಗಿ ಓದಿಸುತ್ತಾರೆ: ಕ್ಷ ಐದಕ್ಕಿಂತ ಚಿಕ್ಕದು, ಐದು ಕ್ಷಗಿಂತ ದೊಡ್ಡದು. ಹುಡುಗಿಯ ಆ ಅಂಕ ಮಾತ್ರ ವಾಪಸು ಬರಲಿಲ್ಲ. ಪ್ರಗತಿಪತ್ರ ಆಗಲೇ ಅವಳ ಮನೆ ಸೇರಿತ್ತು.